ತೊದಲು ದನಿ

ಕುವೈತಿನಲ್ಲಿ ಮನೆಗೆಲಸಕ್ಕಿದ್ದ ಸುಗಂಧಿ, ಪಾರ್ಶ್ವವಾಯು ಬಡಿದ ತಾಯಿಯನ್ನು ಖಾಸಗಿ ವೃದ್ಧಾಶ್ರಮದಲ್ಲಿ ಬಿಟ್ಟು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದಳು. ಭಾನುವಾರ ಫೋನು ಮಾಡಿದರೆ ಆ ಕಡೆಯಿಂದ ತೊದಲು ದನಿ, "ಉಂಡೆಯಾ ಮಗಾ?" ಎನ್ನುತ್ತಿತ್ತು.

ಸರಕಾರದವರು ಬಂದು ಆಶ್ರಮದ ಲೆಕ್ಕಪತ್ರ ತಪಾಸಣೆ ಮಾಡಿದ ಮೇಲೆ ಅವಳನ್ನು ಕರೆಸಿದರು. ಎದ್ದುಬಿದ್ದು ಬಂದಳು.

"ನಿಮ್ಮ ತಾಯಿ ತೀರಿಕೊಂಡು ಎಂಟು ತಿಂಗಳಾಯಿತಮ್ಮ," ಎಂದರು ಅಧಿಕಾರಿ. "ನಿಮ್ಮ ದುಡ್ಡು ನಿಲ್ಲಬಾರದೆಂದು ಈ ಆಶ್ರಮದವರು ಪುಸ್ತಕದಲ್ಲಿ ಬದುಕಿಸಿಟ್ಟಿದ್ದಾರೆ."

ಸುಗಂಧಿ ತಾಯಿಯ ಖಾಲಿ ಮಂಚದ ಮೇಲೆ ಕುಳಿತಳು. "ಮತ್ತೆ ಮೊನ್ನೆ ನನ್ನ ಹತ್ತಿರ ಮಾತಾಡಿದ್ದು ಯಾರು ಸರ್?"

ಪಕ್ಕದ ಮಂಚದ ಮುದುಕಿ ತಲೆ ತಗ್ಗಿಸಿದಳು.

"ನಾನೇ ಮಗಾ. ಮೊದಮೊದಲು ಹೆದರಿಸಿ ಮಾತಾಡಿಸಿದರು. ಆಮೇಲೆ ನಿನ್ನ ಫೋನು ಯಾವಾಗ ಬರುತ್ತದೋ ಎಂದು ನಾನೇ ಕಾಯುತ್ತಿದ್ದೆ."