ಜೈ ಮಾತ್ರ

“ಕೊನೆಯ ಸಲ ಕೇಳುತ್ತಿದ್ದೇನೆ. ಭಾರತ ಮಾತಾ ಕೀ ಜೈ ಎನ್ನುತ್ತೀಯೋ, ಇಲ್ಲವೋ?” ಎಂದರು ಪೊಲೀಸ್ ಇನ್ಸ್‌ಪೆಕ್ಟರರು.

ನಿರುಬಾಲಾ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು.

“ಜೈ ಅಂತೀನ್ರಿ. ಎಷ್ಟು ಸಲ ಬೇಕಾದ್ರೂ ಅಂತೀನಿ. ಮೊದಲಿನ ಮಾತು ಮಾತ್ರ ಅನ್ನಂಗಿಲ್ಲ.”

ರಾಯಚೂರು ಕೋರ್ಟಿನ ಹಿಂದಿನ ಕೋಣೆ. ಮೇಜಿನ ಆಚೆ ಮೂವರು ನ್ಯಾಯಾಧೀಶರು. ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ದೇವದುರ್ಗದಲ್ಲಿ ಅವಳನ್ನು ಹಿಡಿದು ಜೈಲಿಗೆ ಹಾಕಿದ್ದರು. ಯುದ್ಧ ಮುಗಿಯಿತು, ಗೆದ್ದದ್ದೂ ಆಯಿತು. ಅವಳ ಜೈಲು ಮಾತ್ರ ಮುಗಿಯಲಿಲ್ಲ. ಆ ಬಂಧನ ಸರಿಯೋ ತಪ್ಪೋ ಎಂದು ಈ ಮೂವರು ಇವತ್ತು ತೀರ್ಮಾನಿಸಬೇಕಿತ್ತು. ತಪ್ಪೆಂದರೆ ಮನೆ. ಸರಿಯೆಂದರೆ ಮತ್ತೆ ಜೈಲು, ಪೌರತ್ವಕ್ಕೂ ಸಂಚಕಾರ.

ಇನ್ಸ್‌ಪೆಕ್ಟರರು ಮೈಸೂರು ಕಡೆಯವರು, ಒಪ್ಪವಾಗಿ ಓದಿದರು. ಇವಳು ಹುಟ್ಟಿದ್ದು ಪೂರ್ವ ಪಾಕಿಸ್ತಾನದ ಖುಲ್ನಾದಲ್ಲಿ. ಗಲಭೆಗೆ ಹೆದರಿ ಓಡಿಬಂದು, ಅರ್ಜಿ ಹಾಕಿ ಇಲ್ಲಿಯ ಪೌರಳಾದವಳು. ಬಿ. ಸಿ. ಮಂಡಲ್ ಎಂಬುವನ ಹೆಂಡತಿ. ‘ಬಂಗಾಲಿ ಡಾಕ್ಟರ್’ ಎಂದಷ್ಟೇ ಬೋರ್ಡು ಹಾಕಿಕೊಂಡಿದ್ದ ಆ ಮಂಡಲ್ ಯುದ್ಧಕ್ಕೆ ಮೊದಲೇ ಗಡಿಯ ಕಡೆ ಹೋಗಿದ್ದಾನೆ, ಪತ್ತೆಯಿಲ್ಲ. ನಿರಾಶ್ರಿತರಿಗೆ ಔಷಧಿ ಕೊಡಲು ಹೋದನೆಂದು ಇವಳ ಹೇಳಿಕೆ. ಸೈನಿಕರಿಗಾಗಿ ನಡೆದ ಮೆರವಣಿಗೆಯಲ್ಲಿ ದೇಶದ ಹೆಸರು ಬಂದಾಗಲೆಲ್ಲ ಮುಖ ಮರೆಮಾಡಿಕೊಂಡಳು. ದೇಶದ ಹೆಸರೇ ನಾಲಿಗೆಗೆ ಬಾರದವಳು ಎಂಥ ಪೌರಳು?

“ಯಾಕಮ್ಮ ಅನ್ನುವುದಿಲ್ಲ?” ಎಂದರು ಹಿರಿಯ ನ್ಯಾಯಾಧೀಶರು.

“ಯಾಕಂತ ಊರಿಗೆಲ್ಲ ಗೊತ್ತದ್ರಿ. ಈ ಸಾಹೇಬ್ರಿಗೂ ಗೊತ್ತದ, ಬೇಕಂತ ಕೇಳ್ತಾರ. ನನ್ನ ಬಾಯಿಲೆ ಅದನ್ನ ಅನಿಸಿದ್ರ ಇವರಿಗೇನು ಸುಖ?”

ಇನ್ಸ್‌ಪೆಕ್ಟರರು ತುಟಿಯಂಚಿನಲ್ಲಿ ನಕ್ಕರು. ತಪ್ಪು ಒಪ್ಪಿಕೊಂಡಂತೆಯೇ ಆಯಿತಲ್ಲ.

ಸಾಕ್ಷಿಗೆ ಪಕ್ಕದ ಮನೆಯ ಗದ್ದೆಮ್ಮ ಬಂದಳು. ಗುಮಾಸ್ತ ಅವಳ ಗಂಡನ ಹೆಸರು ಕೇಳಿದ. ಗದ್ದೆಮ್ಮ ನೆಲ ನೋಡಿದಳು.

“ಅಡವ್ಯಾಗ ಇರ್ತದಲ್ರೀ, ಮೈಮ್ಯಾಲ ಪಟ್ಟಿ ಪಟ್ಟಿ…”

“ಹುಲಿಗೆಪ್ಪನೋ?”

“ಹ್ಞೂಂ, ನೀವಂದ್ರಲ್ಲ, ಬರ್ಕೋರಿ.”

ಎಲ್ಲರೂ ನಕ್ಕರು. ಬಿಗಿ ಮುಖದ ಇನ್ಸ್‌ಪೆಕ್ಟರರೂ ನಕ್ಕರು. ನಗು ನಿಂತ ಮೇಲೆ ನ್ಯಾಯಾಧೀಶರು ನಿರುಬಾಲಾಳ ಬಗ್ಗೆ ಕೇಳಿದರು.

“ಬಂಗಾಲಿ ಡಾಕ್ಟರ ಹೇಣ್ತಿರೀ ಅಕಿ. ನನ್ನ ಬಾಣಂತನ ಎಲ್ಲಾ ಅಕೀನ ಮಾಡ್ಯಾಳ. ದ್ರೋಹ ಗೀಹ ಅಕಿಗೆ ಗೊತ್ತಿಲ್ರಿ.”

“ಮತ್ತೆ ಆ ಮಾತು ಯಾಕೆ ಅನ್ನುವುದಿಲ್ಲ?”

“ಅದು ನನಗೂ ತಿಳಿವಲ್ದ್ರಿ.”

ನಿರುಬಾಲಾ ಅವಳನ್ನು ದಿಟ್ಟಿಸಿದಳು. ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದವಳು ಹೀಗನ್ನುವುದೇ? ಅವಳಿಗೆ ನಿಜವಾಗಿಯೂ ನೋವಾಯಿತು.

“ಒಂದೇ ಒಂದು ಮಾತು,” ಎಂದರು ನ್ಯಾಯಾಧೀಶರು, ಈ ಸಲ ಮೆತ್ತಗೆ. “ಅಂದುಬಿಡಮ್ಮ, ಸಂಜೆಗೆ ಮನೆಯಲ್ಲಿರುತ್ತೀಯ.”

ನಿರುಬಾಲಾ ಎದ್ದು ನಿಂತಳು.

“ಈ ದೇಶ ನನಗ ನೆಳ್ಳು ಕೊಟ್ಟದ, ಅದಕ್ಕ ಕೈ ಮುಗೀತೀನಿ. ಜೀವ ಕೇಳ್ರಿ, ಕೊಡ್ತೀನಿ. ಧರ್ಮ ಬಿಡು ಅನಬ್ಯಾಡ್ರಿ. ಸಾಯೋತನಕ ಜೈಲಾಗ ಇಟ್ರೂ ಆ ಮಾತು ನನ್ನ ಬಾಯಾಗ ಬರಂಗಿಲ್ಲ.”

ಇನ್ನೇನು ಉಳಿಯಿತು? ನ್ಯಾಯಾಧೀಶರು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಜವಾನ ಒಳಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಇವಳ ಗಂಡ ಬಂದಿದ್ದಾನೆ, ಕಲ್ಕತ್ತದಿಂದ ಬಂದು ರೈಲಿಳಿದವನು ನೇರ ಇಲ್ಲಿಗೇ. ನ್ಯಾಯಾಧೀಶರು ಕರೆಯುವಂತೆ ಸನ್ನೆ ಮಾಡಿದರು. ಜವಾನ ಬಾಗಿಲಲ್ಲಿ ನಿಂತು, ಬಂದವನ ಹೆಸರನ್ನು ಕೋರ್ಟಿನ ರೂಢಿಯಂತೆ ರಾಗವಾಗಿ ಕೂಗಿದ.

“ಭಾರತಚಂದ್ರ ಮಂಡಲ್ ಹಾಜರ್ ಹೈ?”

ನಿರುಬಾಲಾ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಹುಲಿಗೆಪ್ಪನ ಹೆಂಡತಿಗೆ.