ಟರ್ಬೊ ಕಾರಿನ ಕರಿಹೊಗೆ

ಹಳೆಯ ಟರ್ಬೊ ಕಾರು ಕರಿಹೊಗೆ ಉಗುಳುತ್ತ ಬಂದು ಗ್ಯಾರೇಜಿನ ಬಾಗಿಲಲ್ಲೇ ಉಸಿರು ಬಿಟ್ಟಿತು. ಗಿರಾಕಿ ಇಳಿದು ಕಾರಿನ ಬಾಗಿಲನ್ನು ದಡಾರನೆ ಬಡಿದ.

"ಹೋದ ತಿಂಗಳು ಎಂಜಿನ್ ಬಿಚ್ಚಿ ಅದೇನು ಜೋಡಿಸಿದಿರೋ ಪುಣ್ಯಾತ್ಮರೇ! ಸಿಗ್ನಲ್ ಸಿಗ್ನಲ್‌ಗೂ ನಿಂತು ಹೋಗ್ತಿದೆ. ಹೊಗೆ ಪರೀಕ್ಷೆಲೂ ಫೇಲು. ನಿಮ್ಮ ಕೈಗುಣ ಊರಿಗೆಲ್ಲ ಸಾರ್ತೀನಿ."

ಕಾಯುತ್ತ ಕುಳಿತಿದ್ದ ಬೇರೆ ಗಿರಾಕಿಗಳ ಕಿವಿ ನೆಟ್ಟಗಾದವು. ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಇವರೆದುರೇ ಮಣ್ಣುಪಾಲಾಗುತ್ತದಲ್ಲ ಎಂದು ಗ್ಯಾರೇಜಿನ ಮೇಸ್ತ್ರಿಗೆ ಮೈಯೆಲ್ಲ ಉರಿಯಿತು.

"ತಪ್ಪು ನನ್ನದಾದ್ರೆ ಇವರೆಲ್ಲರ ಮುಂದೆ ನಿಮ್ಮ ಕಾಲು ಹಿಡೀತೀನಿ. ನಿಮ್ಮದಾದ್ರೆ ನೀವು ಹಿಡೀಬೇಕು!"

"ಆಗಲಿ, ನೋಡೇ ಬಿಡೋಣ."

ಮೇಸ್ತ್ರಿ ಎಂಜಿನ್ ಚಾಲೂ ಮಾಡಿ, ಪದ್ಯ ಓದುವಾಗ ಲಯ ತಪ್ಪಿದ ಜಾಗ ಹುಡುಕುವವನಂತೆ ಕಣ್ಣು ಮುಚ್ಚಿ ಆಲಿಸಿದ. ಗಾಳಿಯ ಲೆಕ್ಕ ತಪ್ಪುತ್ತಿತ್ತು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರನ್ನು ಬಿಚ್ಚಿದ. ಕೂದಲೆಳೆಯಂಥ ಅದರ ತಂತಿಗೆ ಕುಂಕುಮ ಮೆತ್ತಿಕೊಂಡಿತ್ತು.

ಅವನ ಮುಖ ಅರಳಿತು. ಸೆನ್ಸರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ನೋಡ್ರಪ್ಪಾ ಇವರ ಭಕ್ತೀನ! ಬಾನೆಟ್ಟಿಗೆ ಹಚ್ಚೋ ಕುಂಕುಮಾನ ತಗೊಂಡು ಸೆನ್ಸರಿಗೇ ಬಳಿದಿದ್ದಾರೆ. ಕಾರು ಉಸಿರುಕಟ್ಟಿ ನಿಲ್ಲದೆ ಇನ್ನೇನು ಮಾಡುತ್ತೆ? ಬನ್ನಿ ಸ್ವಾಮಿ, ಕಾಲು ಇಲ್ಲಿದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಗಿರಾಕಿ ಮುಂದೆ ಬಂದು ಮೇಸ್ತ್ರಿಯ ಕೈಯಿಂದ ಸೆನ್ಸರನ್ನು ತೆಗೆದುಕೊಂಡ.

"ನಾನು ಚರ್ಚಿಗೆ ಹೋಗೋನು ಮೇಸ್ತ್ರಿ. ಹೋದ ತಿಂಗಳು ನೀವು ಇಲ್ಲಿ ಆಯುಧಪೂಜೆ ಮಾಡಿದ ದಿನ, ಈ ಸೆನ್ಸರ್ ನಿಮ್ಮ ಸ್ಪ್ಯಾನರುಗಳ ಪಕ್ಕದಲ್ಲೇ ಇತ್ತು."