ಎಡಗಡೆಯ ಬಾಗಿಲು

"ನಿನ್ನ ಕೈಕೆಲಸ ನೋಡ್ಕೋ ಬಾ," ಎನ್ನುತ್ತಲೇ ಭಾವ ಲಾರಿಯಿಂದ ಕೆಳಗೆ ಹಾರಿದ. ಷೆಡ್ಡಿನಲ್ಲಿ ಬೇರೊಂದು ಗಾಡಿಯ ಇಂಜಿನ್ನಿನ ಮೇಲೆ ಬಗ್ಗಿದ್ದ ಮೆಕ್ಯಾನಿಕ್ ತಲೆ ಎತ್ತಿದ. ಭಾವನ ಹಿಂದೆಯೇ, ಅದೇ ಬಲಗಡೆಯ ಬಾಗಿಲಿನಿಂದ, ಮೆಟ್ಟಿಲಿಗಾಗಿ ಕಾಲಲ್ಲಿ ತಡಕಾಡುತ್ತ ಅಕ್ಕ ಇಳಿದಳು. ಎಡಗೈಗೆ ಬೆರಳಿನಿಂದ ಮೊಣಕೈಯವರೆಗೆ ಪ್ಲಾಸ್ಟರು. ಕೆನ್ನೆಯ ಮೇಲೆ ತರಚಿದ ಗಾಯ ಇನ್ನೂ ಒಣಗಿರಲಿಲ್ಲ. ಎಡಗಡೆಯ ಬಾಗಿಲನ್ನು ಸೀಟಿನ ಕಾಲಿಗೆ ಹಗ್ಗದಿಂದ ಬಿಗಿದಿದ್ದರು.

ಮೂರು ದಿನದ ಹಿಂದೆ ಒಂದು ತಿರುವಿನಲ್ಲಿ ಆ ಬಾಗಿಲು ತಾನಾಗಿ ತೆರೆದುಕೊಂಡು ಅಕ್ಕ ರಸ್ತೆಗೆ ಬಿದ್ದಿದ್ದಳು. ಹಿಂದಿನ ಬಸ್ಸಿನವನು ಸಮಯಕ್ಕೆ ಸರಿಯಾಗಿ ಬ್ರೇಕು ಹಾಕಿದ್ದರಿಂದ ಜೀವ ಉಳಿಯಿತು. ಬಾಗಿಲಿಗೆ ಹೊಸ ಲಾಕು ಹಾಕಿ ಹದಿನೈದು ದಿನವೂ ಆಗಿರಲಿಲ್ಲ, ಹಾಕಿದವನು ಅವಳ ಒಡಹುಟ್ಟಿದ ತಮ್ಮ, ಈ ಮೆಕ್ಯಾನಿಕ್. ಆಸ್ಪತ್ರೆಯಲ್ಲಿ ಅವಳನ್ನು ನೋಡಿ ಬಂದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ. ತಪ್ಪು ತನ್ನದೇ ಇರಬಹುದೆಂಬ ಅಳುಕು ಒಳಗೊಳಗೇ ಕೊರೆಯುತ್ತಿತ್ತು, ಆ ಅಳುಕಿಗೇ ಸಿಟ್ಟು ನೆತ್ತಿಗೇರಿತ್ತು.

ಭಾವ ಷೆಡ್ಡಿನಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಶುರುಮಾಡಿದ. ಮನೆಯವನೆಂದು ನಂಬಿ ಗಾಡಿ ಬಿಟ್ಟರೆ ಹೆಂಡತಿಯ ಹೆಣ ಹೊರುವ ಹಾಗಾಗುತ್ತಿತ್ತಂತೆ, ಇಂಥ ಕೆಲಸಕ್ಕೆ ಬೋರ್ಡು ಬೇರೆ ಕೇಡಂತೆ. ಮೆಕ್ಯಾನಿಕ್ ಹಗ್ಗ ಕೊಯ್ದು ಬಾಗಿಲು ತೆರೆದು, ಲಾಕಿನ ಬಾಯಿಗೆ ಸ್ಕ್ರೂಡ್ರೈವರ್ ತೂರಿಸಿ ಒತ್ತಿದ. ಟಕ್ ಎಂದಿತು, ಮತ್ತೆ ಟಕ್ ಎಂದಿತು. ಎರಡು ಹಲ್ಲೂ ಹಿಡಿಯುತ್ತಿದ್ದವು. ಲಾಕಿನಲ್ಲಿ ಏನೂ ದೋಷವಿಲ್ಲ ಎಂದು ಗೊತ್ತಾದಾಗ ಮೂರು ದಿನದಲ್ಲಿ ಮೊದಲ ಸಲ ಅವನು ಸರಿಯಾಗಿ ಉಸಿರುಬಿಟ್ಟ.

ಆಮೇಲೆ ಚೌಕಟ್ಟಿನ ಮೇಲೆ ಕೈಯಾಡಿಸಿದ. ಇದ್ದ ರಬ್ಬರಿನ ಮೇಲೆ ಇನ್ನೊಂದು ರಬ್ಬರು! ಹಳೆಯ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಯಾರೋ ಸುತ್ತಲೂ ಅಂಟಿಸಿದ್ದರು. ಅಷ್ಟು ದಪ್ಪ ಅಡ್ಡ ಬಂದರೆ ಬಾಗಿಲು ಮೊದಲ ಟಕ್ಕಿಗೇ ನಿಲ್ಲುತ್ತದೆ, ಎರಡನೆಯದಕ್ಕೆ ಹೋಗುವುದೇ ಇಲ್ಲ; ಹಾಗೆ ಅರ್ಧ ಹಿಡಿದ ಬಾಗಿಲು ತಿರುವಿನಲ್ಲಿ ಕಳಚಿಕೊಳ್ಳುತ್ತದೆ. ಅವನ ಮೈಗೆ ಬೆಂಕಿ ಬಿದ್ದಂತಾಯಿತು. ಪಟ್ಟಿಯನ್ನು ಪರ್ರನೆ ಕಿತ್ತು ಭಾವನ ಕಾಲ ಬುಡಕ್ಕೆ ಎಸೆದ.

"ಇದನ್ಯಾರು ಅಂಟಿಸಿದ್ದು ಭಾವ? ಗಾಳಿ ಸದ್ದು ನಿಲ್ಲಿಸೋಕೆ ನಮ್ಮಕ್ಕನ್ನ ರಸ್ತೆಗೆ ಕೆಡವಿದ್ರಾ?"

ಭಾವ ಪಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ.

"ನಾನೇ ಅಂಟಿಸಿದ್ದು," ಎಂದಳು ಅಕ್ಕ.

ಹನ್ನೊಂದು ವರ್ಷದಿಂದ ಅವಳು ಆ ಸೀಟಿನಲ್ಲಿ ಕೂತು ಗಂಡನ ಜೊತೆ ಸರಕು ಏರಿಸಿ ಇಳಿಸಿ ದುಡಿದವಳು. ಗಾಡಿ ವೇಗ ಹಿಡಿದು ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿದರೆ ಸಾಕು, ಬೈಗುಳ ಶುರುವಾಗುತ್ತಿತ್ತು. ಒಂದು ಬಾಗಿಲು ನೆಟ್ಟಗೆ ಹಾಕೋಕೆ ಬಾರದವಳು ಎನ್ನುತ್ತಿದ್ದ. ಬಾಗಿಲೇ ಸರಿಯಿಲ್ಲ ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಾಯಿ ಮುಚ್ಚಿಸುತ್ತಿದ್ದ. ಹೊಸ ಲಾಕು ಬಂದ ಮೇಲೂ, ಎಷ್ಟು ಎಳೆದು ಹಾಕಿದರೂ ಸಿಳ್ಳೆ ನಿಲ್ಲಲಿಲ್ಲ.

"ಸದ್ದು ನಿಂತ್ರೆ ಬೈಗುಳಾನೂ ನಿಲ್ಲತ್ತೆ ಅಂದ್ಕೊಂಡೆ," ಎಂದಳು. "ಹತ್ತು ದಿನ ನಿಂತಿತ್ತು."

ಮೆಕ್ಯಾನಿಕ್ ಭಾವನ ಕಡೆ ತಿರುಗಿ, ಕೇಳಿಸಿಕೊಂಡಿರಾ ಎಂದು ಹಲ್ಲು ಕಡಿದ. ಅಷ್ಟರಲ್ಲಿ ಅಕ್ಕ ಅವನ ಕಡೆ ತಿರುಗಿದಳು. "ನಿಂಗೂ ಹೇಳಿದ್ನಲ್ಲೋ, ಬಾಗಿಲು ಸರಿಯಿಲ್ಲ ಅಂತ. ನೀನೇನಂದೆ?"

ಅವನಿಗೆ ಚೆನ್ನಾಗಿ ನೆನಪಿತ್ತು. ಹಳೇ ಗಾಡಿ ಅಕ್ಕ, ಸ್ವಲ್ಪ ಜೋರಾಗಿ ಎಳ್ಕೋ ಅಂದಿದ್ದ. ಲಾಕು ಹಾಕಿದ ದಿನ ಎಂದಿನಂತೆ ಹೊರಗೆ ನಿಂತು, ಹೆಗಲು ಕೊಟ್ಟು ಬಾಗಿಲನ್ನು ದೂಡಿ, ಎರಡೂ ಟಕ್ ಕೇಳಿಸಿಕೊಂಡು ಕೈ ಒರೆಸಿಕೊಂಡಿದ್ದ. ಅವಳ ಜಾಗದಲ್ಲಿ ಕೂತು ಒಂದು ಸಲವೂ ಎಳೆದು ನೋಡಿರಲಿಲ್ಲ. ನಾಚಿಕೆಗೆ ಅವನ ಕಿವಿ ಬಿಸಿಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

"ಹತ್ತಿ ಭಾವ, ಅಲ್ಲಿ ಕೂತ್ಕೊಳ್ಳಿ. ಒಳಗಿಂದ ಹಾಕಿ ತೋರಿಸಿ."

ತನ್ನದೇ ಲಾರಿಯಲ್ಲಿ ಭಾವ ಎಡಗಡೆ ಹತ್ತಿದ್ದು ಅದೇ ಮೊದಲಿರಬೇಕು. ಹಿಡಿ ಹಿಡಿದು ಎಳೆದ. ಒಂದೇ ಟಕ್. ಮತ್ತೆ ಎಳೆದ, ಆಗಲೂ ಒಂದೇ. ಮೂರನೆಯ ಸಲ ಕಾಲು ಒತ್ತುಕೊಟ್ಟು, ಮುಖ ಕೆಂಪಗಾಗುವಂತೆ ಎಳೆದ. ಆಗಲೂ ಎರಡನೆಯದು ಬರಲಿಲ್ಲ. ಮೆಕ್ಯಾನಿಕ್ ಕೂತು ಕೆಳಗಿನಿಂದ ನೋಡಿದ. ಕೀಲಿನ ಪಿನ್ನುಗಳು ಸವೆದು ಬಾಗಿಲು ಒಂದು ಬೆರಳಿನಷ್ಟು ಜೋತುಬಿದ್ದಿತ್ತು. ಹೊರಗಿನಿಂದ ಅವನ ಹೆಗಲು ಅದನ್ನು ಎತ್ತಿಕೊಡುತ್ತಿತ್ತು, ಅಷ್ಟೇ. ಬದಲಿಸಬೇಕಾಗಿದ್ದದ್ದು ಲಾಕನ್ನಲ್ಲ.

"ಬರ್ತಾನೇ ಇಲ್ವಲ್ಲೋ," ಎಂದು ಭಾವ ಒಳಗಿನಿಂದ ರೇಗಿದ. "ಹೆಂಗಪ್ಪಾ ಹಾಕೋದು ಇದನ್ನ?"

ಅಕ್ಕ ಬಾಗಿಲ ಹತ್ತಿರ ಬಂದು ನಿಂತಳು.

"ಮೇಲಕ್ಕೆ ಎತ್ತಿ ಎಳೀಬೇಕು," ಎಂದಳು. "ಎರಡೂ ಕೈ ಬೇಕಾಗತ್ತೆ."